ಗುಂಯ್ ಸದ್ದು ನಿಂತ ಮೇಲೆ

ಮಕ್ಕಳೇ, ನಿನ್ನೆ ನೀವಿಬ್ಬರೂ ನನ್ನ ಮೇಲೆ ಮುನಿಸಿಕೊಂಡೇ ಮಲಗಿದಿರಿ. ಜನ್ನಾಪುರದ ನಮ್ಮ ಹಳೇ ಮನೆಯಿಂದ ತಂದಿಟ್ಟಿದ್ದ ತಾತನ ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಒರೆಸಿ, ಗೋಪಾಳದ ಈ ಮನೆಯ ಹಾಲ್‌ನಲ್ಲಿಟ್ಟು, ನಿಮ್ಮ ಕಂಪ್ಯೂಟರನ್ನು ಜೋಡಿಸಿದ್ದಿರಿ. ಹಾಡಿನ ಹಿಂದೆ ಗುಂಯ್ ಎಂದು ಸದ್ದು ಬಂತು. "ಪ್ಲಗ್‌ನ ಮೂರನೇ ಪಿನ್ ಕಿತ್ತುಹಾಕಿದ್ರೆ ಹೋಗುತ್ತಂತೆ" ಎಂದು ಮಾತಾಡಿಕೊಂಡಿರಿ. ಅದನ್ನು ಕೇಳಿದ್ದೇ ನಾನು ಕಂಪ್ಯೂಟರಿನ ಕರೆಂಟ್ ವೈರನ್ನು ಕಿತ್ತುಕೊಂಡು ಒಳಗೆ ಹೋದೆ.

"ಯಾಕಜ್ಜಿ? ಏನಾಯ್ತು?" ಎಂದು ಕೇಳಿದಿರಿ. ನನಗೆ ಬಾಯಿ ಬರಲಿಲ್ಲ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಕೇಳಿದಾಗಲೂ ಹೀಗೇ ಆಗುತ್ತಿತ್ತು. ಉತ್ತರ ಗೊತ್ತಿದ್ದರೂ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗಲೂ ಬರೆದೇ ಹೇಳುತ್ತೇನೆ.

ತಾತನಿಗೆ ಹಾರ್ಟ್ ನಿಂತುಹೋಯಿತು ಎಂದು ನಿಮಗೆ ಹೇಳಿದ್ದೇವೆ. ಅದು ಸುಳ್ಳಲ್ಲ. ಯಾಕೆ ನಿಂತಿತು ಎನ್ನುವುದನ್ನು ಹೇಳಲಿಲ್ಲ, ಅಷ್ಟೆ.

ಅವರು ಭದ್ರಾವತಿಯಲ್ಲಿ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವರು. ಆ ಸ್ಪೀಕರ್ ಪೆಟ್ಟಿಗೆಗಳನ್ನು ತಾವೇ ನಿಂತು ಬಡಗಿಯ ಕೈಲಿ ಮಾಡಿಸಿದ್ದರು. ರಿಟೈರಾದ ಮೇಲೆ ಕ್ಯಾಸೆಟ್‌ಗಳಿಗೆಲ್ಲ ಬೂಷ್ಟು ಹಿಡಿದು ಮಂಕಾಗಿ ಕೂತಿದ್ದಾಗ, ನಿಮ್ಮ ಅಮ್ಮ ಒಂದು ಹಳೆಯ ಕಂಪ್ಯೂಟರಿಗೆ ಹಾಡು ತುಂಬಿಸಿ ತಂದುಕೊಟ್ಟಳು. "ಕ್ಯಾಸೆಟ್ ತಿರುಗಿಸಿ ಹಾಕೋ ಕೆಲಸಾನೇ ಇಲ್ಲ ನೋಡು. ಒಂದಾದ ಮೇಲೊಂದು ತಾನೇ ಹಾಡ್ತಾ ಹೋಗುತ್ತೆ" ಎಂದು ತಾತ ಬೀದಿಗೆಲ್ಲ ಸಾರಿದರು.

ಆದರೆ ಆಗಲೂ ಹಾಡಿನ ಹಿಂದೆ ಇದೇ ಗುಂಯ್ ಸದ್ದು ಬಂದು ಅವರನ್ನು ತಿನ್ನತೊಡಗಿತು. ಟ್ಯೂಬ್‌ಲೈಟ್ ಆರಿಸಿದರು, ಫ್ರಿಜ್ ಆಫ್ ಮಾಡಿದರು, ಹೊಸ ವೈರ್ ತಂದರು. ಹೋಗಲಿಲ್ಲ.

"ನಂಗೇನೂ ಕೇಳಿಸ್ತಿಲ್ಲ ರೀ, ಹಾಡು ಚೆನ್ನಾಗೇ ಇದೆ."

"ನಿಂಗೆ ಮಿಕ್ಸಿ ಸದ್ದೂ ಸಂಗೀತಾನೇ ಮಾರಾಯ್ತಿ! ಹಾಡು ನಿಂತಾಗ ಕೇಳು. ಒಳಗೆ ಜೇನು ಕಟ್ಟಿದ ಹಾಗಿದೆ."

ಒಂದು ದಿನ ಕಂಪ್ಯೂಟರಿನ ಪ್ಲಗ್ ಬಿಚ್ಚಿ, ಮೂರನೇ ಪಿನ್ನಿಗೆ ಸೇರುವ ಅರ್ಥಿಂಗಿನ ಹಸಿರು ವೈರನ್ನು ಹೊರಗೆಳೆದು ಟೇಪು ಸುತ್ತಿದರು. ಸದ್ದು ಪಟ್ಟನೆ ನಿಂತಿತು. ನನ್ನನ್ನು ಅಡಿಗೆಮನೆಯಿಂದ ಕರೆಸಿಕೊಂಡರು.

"ಏನಾದ್ರೂ ಕೇಳಿಸ್ತಾ?"

"ಇಲ್ವಲ್ಲ."

"ಅದೇ! ಏನೂ ಕೇಳಿಸ್ತಿಲ್ಲ ನೋಡು!"

"ಹಸಿರು ವೈರ್ ಕಿತ್ತಿದ್ದಕ್ಕೆ ಪಕ್ಕದ್ಮನೆಯವರಿಗೆ ಬೈದ್ರಲ್ಲ ನೀವು?"

"ಅದು ಗ್ರೈಂಡರ್, ನೀರಿನ ಹತ್ರ ಇರೋದು. ಇದು ಹಾಲ್‌ನಲ್ಲಿ ಒಣಗಿಕೊಂಡು ಕೂತಿದೆ."

ಆಮೇಲೆ ಧೂಳು ಒರೆಸುವಾಗಲೆಲ್ಲ ನನ್ನ ಬೆರಳು ಜುಮ್ ಎನ್ನುತ್ತಿತ್ತು. ಹೇಳಿದೆ. ಅವರು ನಕ್ಕು, ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಸ್ಟ್ಯಾಂಡಿನ ಮುಂದಿಟ್ಟರು. "ಇದನ್ನ ಹಾಕ್ಕೊಂಡೇ ಮುಟ್ಟು, ನಾನೂ ಹಾಗೇ ಮಾಡ್ತೀನಿ" ಎಂದರು. ಮಾಡುತ್ತಲೂ ಇದ್ದರು. ದೇವರ ಗೂಡಿನ ಎದುರಿಗೆ ಚಪ್ಪಲಿಯೇ ಎಂದು ನನಗೆ ಮುಜುಗರ. ಆದರೂ ಹಾಕಿಕೊಂಡೇ ಒರೆಸುತ್ತಿದ್ದೆ.

ಯುಗಾದಿಯ ಬೆಳಿಗ್ಗೆ ಹಾಲ್‌ನ ನೆಲವನ್ನು ಅವರೇ ಒರೆಸಿದರು. "ಹಬ್ಬದ ದಿನ ಒಳಗೆ ಚಪ್ಪಲಿ ಬೇಡ" ಎಂದು ಆ ಜೊತೆಯನ್ನು ತಾವೇ ಬಾಗಿಲಾಚೆ ಬಿಟ್ಟು, ಹಾಡು ಹಚ್ಚಿ, ಎಣ್ಣೆ ಸ್ನಾನಕ್ಕೆ ಹೋದರು. ನಾನು ಹೋಳಿಗೆಗೆ ಕಣಕ ನಾದುತ್ತಿದ್ದೆ. ಬಚ್ಚಲ ಬಾಗಿಲು ತೆರೆದದ್ದು, ಒದ್ದೆಗಾಲಿನ ಸಪ್ಪಳ ಹಾಲ್‌ನ ಕಡೆ ಹೋದದ್ದು ಕೇಳಿಸಿತು. ಸದ್ದು ಜಾಸ್ತಿ ಮಾಡಲು ಹೋಗಿರಬೇಕು. ಆಮೇಲೆ ಧೊಪ್ಪೆಂದಿತು.

ಓಡಿ ಬಂದೆ. ನೆಲಕ್ಕೆ ಕುಸಿದಿದ್ದರೂ ಅವರ ಕೈ ಆಂಪ್ಲಿಫೈಯರಿನ ತಿರುಪಿಗೇ ಕಚ್ಚಿಕೊಂಡಿತ್ತು. ನಾನು ಕಿರುಚಿದ್ದು ಕೇಳಿ ಪಕ್ಕದ ಮನೆಯಾಕೆ ಬಂದವಳು "ಮುಟ್ಬೇಡಿ ಅಕ್ಕಾ! ಮುಟ್ಬೇಡಿ!" ಎಂದು ನನ್ನ ಸೊಂಟವನ್ನು ಹಿಂದಿನಿಂದ ತಬ್ಬಿ ಹಿಡಿದಳು. ಅವಳ ಗಂಡ ಮೇನ್ ಸ್ವಿಚ್ ಹುಡುಕಿ ಆರಿಸುವವರೆಗೂ ಕಂಪ್ಯೂಟರ್ ಹಾಡುತ್ತಲೇ ಇತ್ತು. ಒಂದು ಹಾಡು ಮುಗಿಯಿತು. ಯಾರೂ ಮುಟ್ಟದೆ ಇನ್ನೊಂದು ಶುರುವಾಯಿತು. ನಡುವೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಗುಂಯ್ ಎನ್ನುವುದೂ ಇಲ್ಲ.

ಆಮೇಲೆ ನೋಡಲು ಬಂದ ಎಲೆಕ್ಟ್ರಿಷಿಯನ್ ಬಿಡಿಸಿ ಹೇಳಿದ. ಕಂಪ್ಯೂಟರಿನೊಳಗೆ ಏನೋ ಕೆಟ್ಟು ಅದರ ತಗಡಿಗೆ ಕರೆಂಟ್ ತಾಗಿತ್ತು. ಅಲ್ಲಿಂದ ಹಾಡಿನ ವೈರಿನಲ್ಲಿ ಆಂಪ್ಲಿಫೈಯರಿಗೆ ಬಂದಿತ್ತು. ಹಸಿರು ವೈರ್ ಇದ್ದಿದ್ದರೆ ಕರೆಂಟ್ ನೆಲಕ್ಕಿಳಿದು ಫ್ಯೂಸ್ ಹೋಗುತ್ತಿತ್ತು. ಮನೆ ಕತ್ತಲಾಗುತ್ತಿತ್ತು, ತಾತ ಬೈದುಕೊಳ್ಳುತ್ತಿದ್ದರು.

ನಿಮ್ಮ ಅಮ್ಮನ ಹತ್ತಿರ ಇದನ್ನು ಕೇಳಬೇಡಿ. ಕಂಪ್ಯೂಟರ್ ತಂದುಕೊಟ್ಟವಳು ಅವಳು. ಆ ಯೋಚನೆ ಅವಳನ್ನು ಬಿಟ್ಟಿಲ್ಲ. ಈಗಲೂ ಯುಗಾದಿಯಲ್ಲಿ ಅವಳು ಬೇವು ಬೆಲ್ಲ ಕೊಡುವಾಗ ನನ್ನ ಮುಖ ನೋಡುವುದಿಲ್ಲ.

ನಿಮ್ಮ ವೈರ್ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಮೂರು ಪಿನ್ನೂ ಸರಿಯಾಗಿವೆ, ನೋಡಿದ್ದೇನೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಈ ಮನೆಯ ಅರ್ಥಿಂಗ್ ನೋಡಿಸಿ. ಶಾಕ್ ಹೊಡೆದರೆ ತಾನೇ ಬೀಳುವ ಸ್ವಿಚ್ ಬರುತ್ತದಂತಲ್ಲ, ಅದನ್ನು ಹಾಕಿಸಿ. ಅವನು ಪರೀಕ್ಷೆಗೆಂದು ಅದರ ಗುಂಡಿ ಒತ್ತಿ, ಅದು ಬಿದ್ದು, ಮನೆಯ ದೀಪ ಆರುವುದನ್ನು ನಾನು ಕಣ್ಣಾರೆ ನೋಡಬೇಕು. ಆಮೇಲೆ ವೈರ್ ಕೊಡುತ್ತೇನೆ. ಗುಂಯ್ ಎಂದರೆ ಎನ್ನಲಿ, ಅದರ ಜೊತೆಗೇ ಕೇಳೋಣ.