ಫೇಲಾದ ಮಗನಿಗೆ ಪಾಯಸ

ಮಗ ಫೇಲಾದ ದಿನ ಪಾಯಸ ಮಾಡಿದ ತಾಯಿ ಇಡೀ ಉಪ್ಪಾರಹಳ್ಳಿಯಲ್ಲಿ ಹುಡುಕಿದರೂ ಒಬ್ಬಳೇ ಸಿಗುವುದು. ಅವಳು ಬಸವಲಿಂಗಮ್ಮ. ಬೇರೆಯವರ ಮನೆಯಲ್ಲಿ ಬಿ.ಕಾಂ. ಓದುವ ಮಗ ಒಂದು ಪೇಪರು ಕಳೆದುಕೊಂಡ ಅಂದರೆ ಆವತ್ತು ಒಲೆ ಹೊತ್ತುವುದೂ ಅನುಮಾನ. ಇವಳು ಮಾತ್ರ ಶಾವಿಗೆ ಹುರಿದು, ದ್ರಾಕ್ಷಿ ಗೋಡಂಬಿ ಧಾರಾಳವಾಗಿ ಹಾಕಿ, ಮಗ ಚನ್ನೇಶನ ಲೋಟ ತುಂಬಿಸಿ, “ಹೋದ್ರೆ ಹೋಯ್ತು ಬುಡೋ. ಪರೀಕ್ಷೆ ಎಲ್ಲಿಗೆ ಓಡೋಗ್ತದೆ? ಮುಂದಿನ ಸಲ ಕಟ್ಟಿದ್ರಾಯ್ತು” ಅಂದಿದ್ದಳು. ಎದುರುಮನೆಯವರು ಇದನ್ನು ಕೇಳಿಸಿಕೊಂಡು, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು. ತಲೆ ಕೆಟ್ಟಿರಲಿಲ್ಲ. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು.

ಕಾರಣ ಹಳೆಯದು. ಚನ್ನೇಶ ಎರಡು ವರ್ಷದವನಿದ್ದಾಗ ಕುಣಿಗಲ್ ಕಡೆಯ ನೆಂಟರ ಮನೆಗೆ ಹೋಗಿದ್ದರು. ಅಲ್ಲಿ ಮಗುವಿಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡವು. ಗಂಡ ಗಾಡಿ ಹುಡುಕಲು ಓಡಿದ. ಇವಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಊರಾಚೆಯ ಮಠಕ್ಕೆ ಓಡಿದಳು. ಅಲ್ಲಿನ ಸ್ವಾಮಿಗಳನ್ನು ಆ ಸೀಮೆಯವರೆಲ್ಲ ಬುದ್ಧಿ ಎಂದೇ ಕರೆಯುವುದು. ಅವರ ಪಾದದ ಮೇಲೆ ಮಗುವನ್ನು ಹಾಕಿ, “ಇದು ಉಳುದ್ರೆ ನಿಮ್ದೇ ಬುದ್ಧಿ, ಮಠದ ಮರಿ ಮಾಡ್ಕಳಿ” ಅಂದುಬಿಟ್ಟಳು. ಮರಿ ಅಂದರೆ ಮುಂದೆ ಪೀಠಕ್ಕೆ ಬರಬೇಕಾದ ಕಿರಿಯ ಸ್ವಾಮಿ. ಇವರಂಥ ಅಯ್ಯನವರ, ಅಂದರೆ ಜಂಗಮರ, ಮನೆಗಳಿಂದ ಗಂಡುಮಕ್ಕಳನ್ನು ಹಾಗೆ ಮಠಕ್ಕೆ ಬಿಡುವುದುಂಟು. ಬುದ್ಧಿಯವರು ಮಗುವಿನ ಹಣೆಗೆ ವಿಭೂತಿ ಹಚ್ಚಿ, “ಮೊದ್ಲು ಆಸ್ಪತ್ರೆಗೆ ಹೋಗು ತಾಯಿ. ಮಗನ್ನ ಚೆನ್ನಾಗಿ ಓದ್ಸು. ಡಿಗ್ರಿ ಮುಗೀಲಿ, ಆಮೇಲೆ ನೋಡೋಣ” ಅಂದರು. ಮಗು ಉಳಿಯಿತು. ಮಾತೂ ಉಳಿಯಿತು.

ಅವಳೊಬ್ಬಳೇ ಆಗಿದ್ದರೆ ಆ ಮಾತನ್ನು ಮೆಲ್ಲಗೆ ಮರೆತುಬಿಡುತ್ತಿದ್ದಳೋ ಏನೋ. ಆದರೆ ಗಂಡ ಚನ್ನಬಸವಯ್ಯ ಮರೆಯುವ ಪೈಕಿಯಲ್ಲ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಆ ಮನುಷ್ಯ ಸಂಜೆಯೊಳಗೆ ರಾಗಿ ಬೀಸಿಕೊಡ್ತೀನಿ ಅಂದಮೇಲೆ ಕರೆಂಟು ಹೋದರೂ ಬಿಡುತ್ತಿರಲಿಲ್ಲ. ಮೂಟೆಯನ್ನು ಕರೆಂಟಿರುವ ಬೇರೆ ಗಿರಣಿಗೆ ಹೊತ್ತು, ಬೀಸಿಸಿಕೊಂಡು ಬಂದು ಕೊಡುತ್ತಿದ್ದ. ಹೆಂಡತಿ ಮಠದ ವಿಷಯಕ್ಕೆ ಕಣ್ಣೀರು ಹಾಕಿದಾಗಲೆಲ್ಲ ಅವನದು ಒಂದೇ ಉತ್ತರ: “ನಾನೇನು ಹೇಳಿದ್ನಾ? ನೀನೇ ತಾನೆ ಪಾದಕ್ಕೆ ಹಾಕಿದ್ದು. ಕೊಟ್ಟ ಮಾತು ಕೊಟ್ಟಂಗೆ ಕಣೇ.” ಓದು ಕೆಟ್ಟೀತು ಅಂತ ಹುಡುಗನಿಗೆ ಇಬ್ಬರೂ ಏನೂ ಹೇಳಿರಲಿಲ್ಲ.

ಹಾಗಾಗಿ ಡಿಗ್ರಿ ಎಂಬ ಪದ ಕೇಳಿದರೆ ಬೇರೆ ತಾಯಂದಿರ ಮುಖ ಅರಳುತ್ತದೆ, ಇವಳದು ಬಾಡುತ್ತದೆ. ಕೊನೇ ಸೆಮಿಸ್ಟರಿನ ಒಂದು ಪೇಪರು ಹೋದಾಗ ದೇವರೇ ಕಣ್ಣು ಬಿಟ್ಟ ಅನ್ನಿಸಿತು. ಎರಡನೇ ಸಲವೂ ಅದೇ ಪೇಪರು ಹೋಯಿತು. ಮೂರನೇ ಸಲ ಹೋದಾಗ ಮಾತ್ರ ಅವಳಿಗೆ ಭಯವಾಯಿತು. ಜೊತೆಯವರೆಲ್ಲ ಕೆಲಸಕ್ಕೆ ಸೇರಿ ಬೈಕು ತೆಗೆದುಕೊಂಡಿದ್ದರು. ಇವನು ಗಿರಣಿಯಲ್ಲಿ ಅಪ್ಪನ ಜೊತೆ ಹಿಟ್ಟು ಮೆತ್ತಿಕೊಂಡು ಕೂರುತ್ತಿದ್ದ, ಭಾನುವಾರ ಬಂದರೆ ಫ್ರೆಂಡ್ ಮನೆ ಅಂತ ಎಲ್ಲೋ ಹೋಗಿಬಿಡುತ್ತಿದ್ದ. ಇವನು ಪಾಸಾಗದಿರಲಿ ಎಂದು ತಾನು ದೇವರ ಮುಂದೆ ನಿಂತು ಬೇಡಿಕೊಂಡದ್ದೇ ಮಗನ ತಲೆಗೆ ಮಂಕು ಕವಿಸಿದೆ ಎಂದು ಅವಳು ನಂಬಿದಳು. ಹೆತ್ತವಳೇ ಮಗನಿಗೆ ಕೇಡು ಬಯಸಿದಂತಾಯಿತಲ್ಲ ಎಂದು ಊಟ ಸೇರದಾಯಿತು.

ನಾಲ್ಕನೇ ಸಲ ಚನ್ನೇಶ ಪಾಸಾದ.

“ಅಮ್ಮ, ಆಯ್ತು” ಅಂದ ಮಗ, ಫೋನು ತೋರಿಸುತ್ತಾ.

“ಸರಿಯಾಗಿ ನೋಡ್ಲಾ” ಅಂದಳು ಬಸವಲಿಂಗಮ್ಮ. ಅವನು ಇನ್ನೊಂದು ಸಲ ನೋಡಲಿಲ್ಲ. ಅವಳನ್ನೇ ನೋಡುತ್ತಾ ನಿಂತಿದ್ದ.

ಕಾಲೇಜಿನ ಪದವಿ ಪ್ರದಾನಕ್ಕೆ ಗುಬ್ಬಿಯಿಂದ ಮಗಳು ಅನುಪಮಾಳೂ ಬಂದಳು. ಅವಳನ್ನು ಅಲ್ಲಿಗೆ ಕೊಟ್ಟಿದ್ದರು. ತಮ್ಮನಿಗೆ ಹೊಸ ಶರ್ಟು ತಂದಿದ್ದಳು. ಆದರೆ ಅಮ್ಮನ ಕಣ್ಣಿಗೆ ಕಣ್ಣು ಕೊಡದೆ ಓಡಾಡುತ್ತಿದ್ದಳು. ಸಭಾಂಗಣ ಅಪ್ಪ ಅಮ್ಮಂದಿರಿಂದ ಗಿಜಿಗುಡುತ್ತಿತ್ತು. ರೇಷ್ಮೆ ಸೀರೆಗಳು, ಮಲ್ಲಿಗೆ, ಎತ್ತಿ ಹಿಡಿದ ಫೋನುಗಳು. ಊರ್ಡಿಗೆರೆ ಕಡೆಯ ಒಬ್ಬ ರೈತ ತನ್ನ ಮಗಳ ಹೆಸರು ಕೂಗಿದಾಗ ಎದ್ದು ನಿಂತು ಜೋರಾಗಿ ಶಿಳ್ಳೆ ಹಾಕಿದ. ಎಲ್ಲರೂ ನಕ್ಕರು. ಬಸವಲಿಂಗಮ್ಮನಿಗೆ ಆ ರೈತನ ಮೇಲೆ ಹೊಟ್ಟೆಕಿಚ್ಚಾಯಿತು.

ಚನ್ನೇಶ ವೇದಿಕೆಗೆ ಬಂದ. ಕರಿ ಗೌನು ತೊಟ್ಟಿದ್ದ. ಅದರ ಮೇಲೆ ಬಿ.ಕಾಂ. ಹುಡುಗರಿಗೆಲ್ಲ ಕೊಟ್ಟಿದ್ದ ಪಟ್ಟಿಯ ಬಣ್ಣ ಕಾವಿಯದು. ಮಗ ಕಾಗದದ ಸುರುಳಿ ಹಿಡಿದು ನಗುತ್ತಿದ್ದ, ಇವಳಿಗೆ ಆ ಪಟ್ಟಿಯೊಂದೇ ಕಾಣುತ್ತಿತ್ತು.

ಪಕ್ಕದಲ್ಲಿ ಚನ್ನಬಸವಯ್ಯ ಗಂಟಲು ಸರಿಮಾಡಿಕೊಂಡ. “ಅನುಪಮಾ ಡಿಗ್ರಿ ಮುಗಿಸ್ದಾಗ ಬೀದಿಗೆಲ್ಲ ಹೋಳಿಗೆ ಹಂಚಿದ್ವಲ್ಲ. ಇವನ್ದಕ್ಕೂ ಏನಾದ್ರೂ ಕೊಡ್ಬೇಕು.”

“ಇವನ್ನೇ ಕೊಡ್ತಾ ಇದೀವಲ್ಲ, ಸಾಲ್ದಾ?” ಅಂದಳು ಹೆಂಡತಿ.

ಫೋಟೋಕ್ಕೆ ನಿಂತಾಗ ಗಂಡ ಹೆಂಡತಿ ನಡುವೆ ಮಗ ಗೋಡೆಯಂತೆ ನಿಂತಿದ್ದ. ಮನೆಗೆ ಹೋಗುವ ಆಟೋದಲ್ಲಿ ಚನ್ನಬಸವಯ್ಯ ಹೊರಗೆ ನೋಡುತ್ತಾ, “ಸೋಮವಾರ ಕುಣಿಗಲ್‌ಗೆ ಹೋಗಿ ಬುದ್ಧಿಯವರ ಆಶೀರ್ವಾದ ತಗೊಂಡ್ಬರಣ” ಅಂದ. ಚನ್ನೇಶ “ಆಯ್ತಪ್ಪ” ಅಂದ. ಯಾಕೆ ಅಂತ ಕೇಳಲಿಲ್ಲ.

ಸೋಮವಾರ ಬಸ್ಸಿನಲ್ಲಿ ಬಸವಲಿಂಗಮ್ಮ ಮಗನ ಪಕ್ಕದ ಸೀಟನ್ನು ಯಾರಿಗೂ ಬಿಡಲಿಲ್ಲ. ಓಡಿಹೋಗೋಣ ಅನ್ನಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಅಂತ ಹೊಳೆಯಲಿಲ್ಲ. ಮಠದ ಗೇಟು ದಾಟಿ ಅಂಗಳಕ್ಕೆ ಕಾಲಿಟ್ಟರೋ ಇಲ್ಲವೋ, ಹಾಸ್ಟೆಲಿನ ಹುಡುಗರು ಊಟದ ತಟ್ಟೆ ಸಮೇತ ಓಡಿ ಬಂದರು. “ಲೆಕ್ಕದ ಸರ್ ಬಂದ್ರು! ಸರ್, ಇವತ್ತು ಭಾನುವಾರ ಅಲ್ವಲ್ಲಾ!” ಚನ್ನೇಶ ಒಬ್ಬನ ತಲೆ ಸವರಿದ, ಇನ್ನೊಬ್ಬನ ಕಿವಿ ಹಿಂಡಿದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಫ್ರೆಂಡ್ ಮನೆ ಯಾವುದು ಅಂತ ಬಸವಲಿಂಗಮ್ಮನಿಗೆ ಆಗ ಗೊತ್ತಾಯಿತು.

ಬುದ್ಧಿಯವರಿಗೆ ಈಗ ತುಂಬಾ ವಯಸ್ಸಾಗಿತ್ತು. ಮಂಚದ ಮೇಲೆ ಒರಗಿ ಕೂತಿದ್ದರು. “ಏನಪ್ಪಾ ಮೇಷ್ಟ್ರೇ, ಮನೆಯೋರನ್ನೂ ಕರ್ಕೊಂಡು ಬಂದ್ಯಾ?” ಅಂದರು.

ಚನ್ನಬಸವಯ್ಯ ಅಡ್ಡಬಿದ್ದು ಎದ್ದು, ಕೈಕಟ್ಟಿ ನಿಂತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಜ್ವರ, ಪಾದ, ಮರಿ, ಡಿಗ್ರಿ. “ಮುಗೀತು ಬುದ್ಧಿ. ಮಾತಿನಂಗೆ ಕರ್ಕೊಂಡು ಬಂದಿದೀವಿ” ಅಂದ. ಕೊನೆಗೆ ಅವನ ದನಿ ಒಡೆಯಿತು.

ಬುದ್ಧಿಯವರು ಕೇಳುತ್ತಾ ಕೇಳುತ್ತಾ ನಗತೊಡಗಿದರು, ನಕ್ಕು ಕೆಮ್ಮಿದರು. “ಅಯ್ಯೋ ತಾಯಿ! ಕಾಯಿಲೆ ಮಗು ಎತ್ಕೊಂಡು ಬಂದೋರೆಲ್ಲ ಅದೇ ಮಾತು ಆಡ್ತಾರೆ. ಅದು ಮಾತಲ್ಲ, ಅಳು. ಅದನ್ನೆಲ್ಲ ಹಿಡ್ಕೊಂಡು ಕೂತಿದ್ರೆ ಈ ಮಠದಲ್ಲಿ ಭಕ್ತರಿಗಿಂತ ಮರಿಗಳೇ ಜಾಸ್ತಿ ಆಗ್ತಿದ್ರು. ಡಿಗ್ರಿ ಮುಗೀಲಿ ಅಂತ ಎಲ್ರಿಗೂ ಹೇಳ್ತೀವಿ. ಅಷ್ಟೊತ್ತಿಗೆ ಅವ್ರೂ ಮರ್ತಿರ್ತಾರೆ, ನಾವೂ ಮರ್ತಿರ್ತೀವಿ. ನೀವೇನು ಇಷ್ಟು ವರ್ಷ ಇದನ್ನ ಹೊತ್ಕೊಂಡಿದ್ರಾ?”

ಹೊತ್ತುಕೊಂಡಿದ್ದರು. ಬಸವಲಿಂಗಮ್ಮನಿಗೆ ನಗು ಬಂತು, ಹಿಂದೆಯೇ ಅಳು, ಅದರ ಹಿಂದೆಯೇ ಸಿಟ್ಟು. ಎಲ್ಲವನ್ನೂ ಒಟ್ಟಿಗೆ ನುಂಗಿ ಮಗನ ತೋಳು ಹಿಡಿದಳು. “ನಡೀಲಾ, ಮನೆಗೋಗಣ.”

ಮಗ ಕದಲಲಿಲ್ಲ. “ಬುದ್ಧಿ, ಅಮ್ಮನ ಮಾತಿಗಲ್ಲ. ನಾನೇ ಕೇಳ್ಕೋತಾ ಇದೀನಿ. ನಂಗೆ ಇಲ್ಲೇ ಇರ್ಬೇಕು” ಅಂದ. ಆಮೇಲೆ ತಾಯಿಯ ಕಡೆ ತಿರುಗಿದ. “ಮೊದಲ್ನೇ ಸಲ ನಿಜವಾಗ್ಲೂ ಫೇಲಾದೆ ಕಣಮ್ಮ. ನೀನು ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರ್ಲಿಲ್ಲ. ಯಾಕೆ ಅಂತ ಅಕ್ಕನ್ನ ಕಾಡಿಸಿ ಕೇಳ್ದೆ, ಹೇಳಿದ್ಲು. ಆಮೇಲೆ ಎರಡು ಸಲ ಬೇಕಂತ್ಲೇ ಖಾಲಿ ಪೇಪರು ಕೊಟ್ಟೆ, ನಿನಗೋಸ್ಕರ. ನನ್ನನ್ನ ಕೇಳ್ದೆ ಹೆಂಗೆ ತಗೋತೀರಿ ಅಂತ ಬುದ್ಧಿಯವರ ಹತ್ರ ಜಗಳ ಆಡೋಕೇ ಇಲ್ಲಿಗೆ ಬಂದಿದ್ದು. ಅವತ್ತು ಅವರಿರ್ಲಿಲ್ಲ. ಈ ಹುಡುಗ್ರು ಲೆಕ್ಕ ಬರ್ದೆ ಒದ್ದಾಡ್ತಾ ಇದ್ರು, ಕೂತು ಹೇಳ್ಕೊಟ್ಟೆ. ಜಗಳ ಆಡೋದು ಮರ್ತೇ ಹೋಯ್ತು. ಇಲ್ಲೇ ಇರ್ಬೇಕು ಅನ್ನಿಸ್ತು, ಡಿಗ್ರಿ ಮುಗೀದೆ ಆಗಲ್ವಲ್ಲ, ಅದಕ್ಕೇ ಈ ಸಲ ಬರೆದೆ.”

ಬುದ್ಧಿಯವರ ನಗು ನಿಂತಿತ್ತು. ಒರಗಿದ್ದವರು ನೆಟ್ಟಗೆ ಕೂತು ಬಸವಲಿಂಗಮ್ಮನ ಕಡೆ ತಿರುಗಿದರು. “ನಮಗೂ ಮರಿ ಬೇಕು, ವಯಸ್ಸಾಯ್ತು. ಆದ್ರೆ ತಾಯಿ ಕೊಡ್ದೆ ತಗೊಳ್ಳೋ ಪದ್ಧತಿ ಇಲ್ಲ. ಆವತ್ತಿಂದು ಆವತ್ತಿಗೇ ಮುಗೀತು. ಇವತ್ತು ಹೊಸದಾಗಿ ಕೇಳ್ತಾ ಇದೀವಿ ತಾಯಿ. ಕೊಡ್ತೀಯಾ?”

ಕೊಡಲ್ಲ ಅನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಯಾವ ಹರಕೆಯ ಹಂಗೂ ಇರಲಿಲ್ಲ, ಯಾರೂ ಅವಳನ್ನು ತಪ್ಪುಗಾರ್ತಿ ಅನ್ನುವಂತಿರಲಿಲ್ಲ. ಕೊಡಲ್ಲ ಅಂದರೆ ಈ ಹುಡುಗ ಎದುರಾಡುವುದಿಲ್ಲ. ತೆಪ್ಪಗೆ ಬಂದು ಬಸ್ಸು ಹತ್ತುತ್ತಾನೆ, ಗಿರಣಿಯಲ್ಲಿ ಕೂರುತ್ತಾನೆ, ಅವಳು ತೋರಿಸಿದ ಹುಡುಗಿಗೆ ತಾಳಿ ಕಟ್ಟುತ್ತಾನೆ. ಅಮ್ಮ ಖುಷಿಯಾಗಿರಲಿ ಅಂತ ಜನ್ಮವಿಡೀ ಖಾಲಿ ಪೇಪರು ಕೊಡುತ್ತಲೇ ಇರುತ್ತಾನೆ. ಅವಳು ಮಗನ ಮುಖ ನೋಡಿದಳು. ಅವನು ಅವಳನ್ನು ಬೇಡುತ್ತಿರಲಿಲ್ಲ, ಕಾಯುತ್ತಿದ್ದ. ಅದನ್ನು ನೋಡಿ ತಡೆದುಕೊಳ್ಳುವುದು ಅವಳಿಂದ ಆಗಲಿಲ್ಲ.

“ಕೊಟ್ಟೆ ಬುದ್ಧಿ” ಅಂದಳು.

ಕುಸಿದವನು ಚನ್ನಬಸವಯ್ಯ. ಇಷ್ಟು ವರ್ಷ ಕೊಟ್ಟ ಮಾತು ಕೊಟ್ಟ ಮಾತು ಅಂತ ಕುಕ್ಕಿದ ಮನುಷ್ಯ ಕಂಬ ಹಿಡಿದು, “ಬ್ಯಾಡ ಕಣೇ! ಬುದ್ಧಿಯವರೇ ಬುಟ್ಟವ್ರಲ್ಲ, ಕರ್ಕೊಂಡೋಗಣ ಕಣೇ” ಅಂತ ಗೊಳೋ ಎಂದು ಅತ್ತ.

“ಸುಮ್ಕಿರಿ” ಅಂದಳು ಅವಳು. ಸೆರಗು ಸರಿಮಾಡಿಕೊಂಡು ಬುದ್ಧಿಯವರ ಕಡೆ ತಿರುಗಿದಳು. “ಒಂದು ಕೇಳ್ಕೋತೀನಿ ಬುದ್ಧಿ. ಕಾವಿ ಉಟ್ಮೇಲೆ ಇವ್ನು ನಮಗೆ ಗುರು. ಆಮೇಲೆ ನಾವೇ ಇವನ ಕಾಲಿಗೆ ಬೀಳ್ಬೇಕು, ಇವ್ನು ನಮ್ಮ ಕಾಲಿಗೆ ಬೀಳಂಗಿಲ್ಲ. ಇವತ್ತು ಇನ್ನೂ ಮಗ ಆಗವ್ನೆ. ಒಂದ್ಸಲ ನನ್ನ ಕಾಲಿಗೆ ಬೀಳ್ಲಿ.”

ಬುದ್ಧಿಯವರು ತಲೆಯಾಡಿಸಿದರು.

ಚನ್ನೇಶ ಕಲ್ಲಿನ ನೆಲದ ಮೇಲೆ ಉದ್ದಕ್ಕೆ ಮಲಗಿ ತಾಯಿಯ ಎರಡೂ ಪಾದ ಹಿಡಿದು ಹಣೆ ಹಚ್ಚಿದ. ಹುಡುಗರು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಚನ್ನಬಸವಯ್ಯನ ಬಿಕ್ಕು ನಿಲ್ಲಲಿಲ್ಲ. ಕಾಲಿಗೆ ಬಿದ್ದವರು ಹಿರಿಯರು ಏಳು ಅಂದ ಮೇಲೆಯೇ ಏಳುವುದು, ಎಲ್ಲರಿಗೂ ಗೊತ್ತು. ಎಲ್ಲರೂ ಕಾದರು, ಬುದ್ಧಿಯವರೂ ಕಾದರು. ಬಸವಲಿಂಗಮ್ಮ ಬಗ್ಗಿ ಮಗನ ತಲೆಯ ಮೇಲೆ ಕೈ ಇಟ್ಟಳು, ಇಟ್ಟ ಕೈ ತೆಗೆಯಲಿಲ್ಲ, ಏಳು ಅನ್ನಲಿಲ್ಲ.