ಅಕ್ಕನ ಹಿಡಿ ಎಷ್ಟು ಗ್ರಾಂ?

ಸಾರಿನ ಪುಡಿಯ ಡಬ್ಬಿಯಲ್ಲಿ ತಳ ಕಾಣಿಸಿದ ದಿನ ನನಗೆ ದಿಗಿಲಾಯಿತು. ನಗಬೇಡಿ. ಪುಡಿ ಮುಗಿದರೆ ಅಂಗಡಿಯಿಲ್ಲವೇ ಎನ್ನುತ್ತೀರಿ. ತುಮಕೂರಿನಲ್ಲಿ ಬೀದಿಗೆರಡು ಇವೆ. ಆದರೆ ಇದು ಅಕ್ಕ ತೀರಿಕೊಳ್ಳುವ ಮುನ್ನ ಮಾಡಿಟ್ಟ ಕಡೆಯ ಪುಡಿ. ಮದುವೆಯ ಗೊಡವೆಗೆ ಹೋಗದ ಅಕ್ಕತಂಗಿಯರಿಬ್ಬರು ಒಂದೇ ಮನೆಯಲ್ಲಿ ಬದುಕಿದೆವು. ನಾನು ಊರಂಚಿನ ಸತ್ಯಮಂಗಲದ ಕಾರ್ಖಾನೆಯಲ್ಲಿ ಲೆಕ್ಕ ಬರೆದೆ, ಅವಳು ಒಲೆಯ ಮುಂದೆ ನಿಂತಳು. ಅವಳು ಹೋದ ಮೇಲೂ ಮಧ್ಯಾಹ್ನದ ಸಾರು ಮಾತ್ರ ಅವಳದೇ ಆಗಿತ್ತು. ಡಬ್ಬಿ ಬರಿದಾದರೆ ಅದೂ ಇಲ್ಲ.

ಅಮೃತೂರಿನ ಚಿಕ್ಕಮ್ಮನಿಗೆ ಫೋನು ಮಾಡಿದೆ. ಅಕ್ಕನಿಗೆ ಪುಡಿ ಮಾಡಲು ಕಲಿಸಿದವಳು ಅವಳೇ. ಒಂದು ಪಾವು ಧನಿಯ, ಮೂರು ಹಿಡಿ ಮೆಣಸಿನಕಾಯಿ ಎಂದು ಶುರುಮಾಡಿ ಜೀರಿಗೆ, ಮೆಣಸು, ಮೆಂತ್ಯದವರೆಗೂ ಹೇಳಿದಳು. ಪಾವಿನ ಲೆಕ್ಕ ತುಂಬಿದ ಮನೆಯ ಲೆಕ್ಕ. ಒಂಟಿ ಹೊಟ್ಟೆಗೆ ಅದರ ಕಾಲು ಭಾಗ ಸಾಕು. ಗ್ರಾಮಿಗೆ ಇಳಿಸಿದರೆ ಭಾಗಾಕಾರ ಸುಲಭವೆಂದು ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಪಾವೆಂದರೆ ಕಾಲು ಕೆಜಿ ಎಂದು ನಮ್ಮ ಕಡೆ ಚಿಕ್ಕಮಕ್ಕಳೂ ಹೇಳುತ್ತಾರೆ. ಅದನ್ನೇ ನಂಬಿ ಧನಿಯ ತೂಗಿ, ಹುರಿದು, ಮಿಕ್ಸಿಗೆ ಹಾಕಿದೆ. ಸಾರು ಧನಿಯದ ಕಷಾಯವಾಯಿತು.

"ಅಯ್ಯೋ ಪೆದ್ದಿ, ಕಾಲು ಕೆಜಿ ಅನ್ನೋದು ಅಕ್ಕಿಗೆ ಕಣೇ" ಎಂದು ಚಿಕ್ಕಮ್ಮ ಫೋನಿನಲ್ಲಿ ನಕ್ಕಳು. "ಧನ್ಯ ಹಗೂರ. ಮೊದ್ಲು ಪಾವ್ನಲ್ಲಿ ತುಂಬು, ಆಮೇಲೆ ತೂಗು. ತಲೆ ಸವರ್ಬೇಡ, ಗೋಪುರ ಬರ್ಲಿ. ನಿಮ್ಮಕ್ಕ ಹಂಗೇ ಅಳೀತಿದ್ಲು."

ಅಳೆದೆ. ಮೊದಲ ಪಾವಿಗೆ 'ಒಂದು' ಎನ್ನದೆ ಹಿರಿಯರಂತೆ 'ಲಾಭ' ಎಂದೆ, ಕೇಳುವವರು ಯಾರೂ ಇಲ್ಲದಿದ್ದರೂ. ಗೋಪುರದ ಸಮೇತ ತೂಗಿದರೆ ನೂರು ಗ್ರಾಮಿನ ಆಸುಪಾಸು, ಅಷ್ಟೇ. ಅಳತೆ ಕಾಳಿನ ನಡುವಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ತಕ್ಕಡಿಗೆ ಅದರ ಹಂಗಿಲ್ಲ. ಅಕ್ಕನೂ ಹಾಗೆಯೇ ಇದ್ದಳು ನೋಡಿ. ಸಣಕಲು ಜೀವ, ತೂಕವೆಂಬುದು ಎಂದೂ ಹತ್ತಲಿಲ್ಲ, ಆದರೆ ಈ ಮೂರು ಕೋಣೆಗಳನ್ನು ಗೊಣಗುತ್ತ, ಬೈಯುತ್ತ, ಪಾತ್ರೆ ಸದ್ದು ಮಾಡುತ್ತ ತುಂಬಿಕೊಂಡಿದ್ದಳು. ಈಗ ಫ್ರಿಜ್ಜಿನ ಸದ್ದು ನಡುಮನೆಗೂ ಕೇಳುತ್ತದೆ.

ಧನಿಯ ಬಗೆಹರಿಯಿತು. ಹಿಡಿ ಉಳಿಯಿತು.

"ಯಾರ ಹಿಡಿ, ಚಿಕ್ಕಮ್ಮ?"

"ಇನ್ಯಾರ್ದು, ನಿಮ್ಮಕ್ಕಂದೇ."

ಅದನ್ನು ಎಲ್ಲಿಂದ ತರಲಿ? ಯೋಚಿಸಿ ಯೋಚಿಸಿ ಬೀರುವಿನಿಂದ ಅವಳ ಗಾಜಿನ ಬಳೆ ತೆಗೆದೆ. ಅದು ನನ್ನ ಗೆಣ್ಣು ದಾಟುವುದಿಲ್ಲ. ಅಂದರೆ ಅವಳ ಕೈ ನನ್ನದಕ್ಕಿಂತ ಚಿಕ್ಕದು. ನನ್ನ ಹಿಡಿಯಿಂದ ಒಂದೊಂದೇ ಮೆಣಸಿನಕಾಯಿ ತೆಗೆಯುತ್ತ ಬಂದೆ, ಉಳಿದ ಕಂತೆ ಆ ಬಳೆಯೊಳಗೆ ಸಲೀಸಾಗಿ ಕೂರುವವರೆಗೆ. ಆಮೇಲೆ ಅದನ್ನು ತೂಗಿದೆ. ಮೂರರಿಂದ ಗುಣಿಸಿ, ಕಾಲು ಭಾಗಕ್ಕಿಳಿಸಿ, ಹೊಸದಾಗಿ ಹುರಿದು ಪುಡಿ ಮಾಡಿದೆ.

ಮಧ್ಯಾಹ್ನ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಅಕ್ಕನದೇ ಸಾರು, ಚೂರೂ ಆಚೀಚೆಯಿಲ್ಲ. ಸಂತೋಷಪಡಬೇಕಿತ್ತು. ಆದರೆ ಹಳೆಯ ಪುಡಿ ಇದ್ದಷ್ಟು ದಿನವೂ, ಅವಳು ಅಡುಗೆ ಮುಗಿಸಿ ಪಕ್ಕದ ಮನೆಗೆ ಹೋಗಿದ್ದಾಳೆ, ಬರುತ್ತಾಳೆ ಎಂಬಂತೆ ಉಂಡಿದ್ದೆ. ಇವತ್ತು ಅದೇ ರುಚಿಯನ್ನು ನನ್ನ ಕೈ ಮಾಡಿಬಿಟ್ಟಿತ್ತು. ಅಕ್ಕ ಸತ್ತಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಎಂಜಲು ಕೈಯಲ್ಲೇ ಕುಳಿತು ಅತ್ತುಬಿಟ್ಟೆ.