ಅಕ್ಕನ ಬಿನ್ನವತ್ತಳೆ

ದೇವದುರ್ಗದ ಕಚೇರಿಯಿಂದ ನಾನು ನಿವೃತ್ತನಾದ ದಿನ ನನಗೆ ಓದಿ ಕೊಟ್ಟ ಬಿನ್ನವತ್ತಳೆಯನ್ನು ಬರೆದವನು ನಾನೇ. ಅದರಲ್ಲಿ ವಿಚಿತ್ರವೇನೂ ಅಲ್ಲಿ ಯಾರಿಗೂ ಕಾಣಲಿಲ್ಲ. ಇಪ್ಪತ್ತು ವರ್ಷಗಳಿಂದ ಆ ಕಚೇರಿ ಬಿಟ್ಟು ಹೋದವರಿಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಕೊಡುವ, ಕಟ್ಟು ಹಾಕಿಸಿದ ಆ ಹೊಗಳಿಕೆಯ ಹಾಳೆಯನ್ನು ನಾನೇ ಬರೆದುಕೊಟ್ಟಿದ್ದೆ.

“ನಿಮ್ದೂ ನೀವ ಬರದುಬಿಡ್ರಿ ಸರ್, ನಿಮ್ಮಷ್ಟು ಚಂದ ಯಾರಿಗೆ ಬರತದ?” ಎಂದರು ಜೊತೆಯವರು. ಬರೆದೆ. ಸಂಕೋಚಪಟ್ಟು ಕಡಿಮೆ ಬರೆದೆನೆಂದೇನೂ ಇಲ್ಲ.

ಆ ವಿದ್ಯೆಗೊಂದು ಹದವಿದೆ. ಎಲ್ಲರ ಮೇಲೂ ಎಗರಾಡುತ್ತಿದ್ದ ಸಾಹೇಬರು ನನ್ನ ಕೈಯಲ್ಲಿ ‘ನೇರ ನುಡಿಯವರು’ ಆಗಿದ್ದರು. ಒಂದು ಕಡತವನ್ನೂ ಮುಂದೆ ಸರಿಸದ ಮ್ಯಾನೇಜರರನ್ನು ‘ತಾಳ್ಮೆಯ ಗಣಿ’ ಎಂದಾಗ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಯಲ್ಲಿ ಬೇರೆ ಏನೋ ಕಂಡಿದ್ದರೋ ಏನೋ. ನನ್ನ ಹಾಳೆ ಓದುವಾಗ ನಾನೂ ಗಂಭೀರವಾಗಿ ಕೇಳಿಸಿಕೊಂಡೆ. ‘ನಾಡಿನ ಹೆಸರಾಂತ ಕಥೆಗಾರರು’ ಎಂಬಲ್ಲಿ ಮಾತ್ರ ತಲೆ ತಗ್ಗಿತು.

ಹರೆಯದಲ್ಲಿ ನಾಲ್ಕು ಕಥೆ ಬರೆದಿದ್ದು ನಿಜ. ಐದನೆಯದು ಅಕ್ಕನ ಕಥೆ, ಅರ್ಧಕ್ಕೇ ನಿಂತಿತ್ತು. ಕೆಲಸದ ಒತ್ತಡ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಾನು ಕಚೇರಿಯಲ್ಲಿ ಕೆಲಸ ಮಾಡುವುದನ್ನು ನೋಡಿದವರು ಇದನ್ನು ನಂಬುತ್ತಿರಲಿಲ್ಲ. ರಾಯಚೂರಿನ ಮನೆಯಲ್ಲಿ ಬಂದು ಕೂತ ಮೇಲೆ ಆ ನೆಪಕ್ಕೂ ನಿವೃತ್ತಿಯಾಯಿತು. ಅಕ್ಕನಿಗೂ ಅರವತ್ತು ದಾಟಿತ್ತು. ತನ್ನ ಮೇಲೆ ಕಥೆ ಬರೆಯುತ್ತೇನೆಂದು ನಾನೊಮ್ಮೆ ಬಾಯಿಬಿಟ್ಟಿದ್ದನ್ನು ಅವಳು ಮರೆತಿರಲಿಲ್ಲ. ಈ ಒಂದನ್ನಾದರೂ ಮುಗಿಸದಿದ್ದರೆ ನಾನು ಗೋಡೆಯ ಮೇಲಿನ ಹಾಳೆಯಲ್ಲಷ್ಟೇ ಕಥೆಗಾರ.

ಕಥೆ ಇಷ್ಟೆ. ಕವಿತಾಳದಲ್ಲಿ ನಾವು ಸಣ್ಣವರಿದ್ದಾಗ ಅವ್ವ ಹಾಸಿಗೆ ಹಿಡಿದಳು. ಮನೆ ನೋಡಿಕೊಳ್ಳಲು ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟಳು. ನಾನು ಓದಿ ನೌಕರಿ ಹಿಡಿದೆ. ಹಿಂದೆ ತಿಂಗಳುಗಟ್ಟಲೆ ಕಾಡಿದ್ದ ಕಥೆ ಈ ಸಲ ಮೂರೇ ದಿನದಲ್ಲಿ ಮುಗಿಯಿತು. ಅಷ್ಟು ಸಲೀಸಾಗಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹಾಳೆಗಳನ್ನು ಹಿಡಿದು ಮಾನ್ವಿಯ ಅಕ್ಕನ ಮನೆಗೆ ಹೋದೆ. ಅಕ್ಕ ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿಟ್ಟು ಎದುರಿಗೆ ಕೂತಳು. ನಾನು ಓದಿದೆ. 

“ಚಲೋ ಬರದಿ,” ಎಂದಳು ಕೊನೆಗೆ. “ಶಾಲು ಎಲ್ಲಿ ಅದ?”

“ಯಾವ ಶಾಲು?”

“ಇಂಥಾದ್ದು ಓದಿದ ಮ್ಯಾಲ ಶಾಲು ಹೊಚ್ಚತಾರಲ್ಲೋ. ನಿಮ್ಮ ಆಫೀಸಿನ್ಯಾಗ ಮುಂದಿನ ಕುರ್ಚಿಯೊಳಗ ಕುಂತು ನೋಡೀನಿ.”

“ಇದು ಕಥಿ ಅಕ್ಕಾ.”

“ಕಥಿಯೊಳಗ ಕೆಟ್ಟವ್ರು ಒಬ್ರೂ ಇಲ್ಲಲ್ಲೋ ತಮ್ಮಾ. ಅಪ್ಪ ದೇವರಂಥವ, ಅವ್ವ ದೇವರಂಥಾಕಿ. ನಾ ನಕ್ಕೋಂತ ಸಾಲಿ ಬಿಟ್ಟೆ ಅಂತ ಬರದಿ. ಯಾವಾಗ ನಕ್ಕೆ ನಾ? ಅವತ್ತ ನಿನ್ನ ಪಾಟಿ ಅಂಗಳದ ಕಟ್ಟಿಗೆ ಬಡದು ಒಡದು ಹಾಕಿದ್ದೆ.”

ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಒಡೆದ ಸ್ಲೇಟು! ಎಂಥ ಒಳ್ಳೆಯ ವಿವರ! ಅಕ್ಕನ ಹಳೆಯ ಸಂಕಟ ನನಗೆ ಸಾಮಗ್ರಿಯಾಗಿ ಕಂಡು ಒಳಗೊಳಗೇ ಹಿಗ್ಗಿದೆ. ಪೆನ್ನು ಹೊರತೆಗೆದು “ಇನ್ನೇನಾತು, ಹೇಳು,” ಎಂದೆ.

“ಸಾಲಿ ಬಿಡಿಸೂದೋ ಬ್ಯಾಡೋ ಅಂತ ಅಪ್ಪ ವಿಚಾರ ಮಾಡಾಕತ್ತಿದ್ದ. ಇಕಿ ಹೆಂಗ ಓದತಾಳಂತ ನಿನ್ನ ಕೇಳಿದ. ಅಕ್ಕಗ ಲೆಕ್ಕ ಬರಂಗಿಲ್ಲ ಅಂದಿ ನೀ. ದಿನಾ ನಿನ್ನ ಲೆಕ್ಕ ಮಾಡಿಕೊಡಾಕಿ ಯಾರಿದ್ಲು? ಮಾಸ್ತರು ನನ್ನ ಶಾಣ್ಯಾಕಿ ಅಂತಿದ್ರು, ನಿನಗ ಹೊಟ್ಟಿಯುರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇನ್ನೂ ಕಷ್ಟವಾಯಿತು. ನಾನು ಮರೆತಿದ್ದೆ ಎನ್ನುವಂತಿಲ್ಲ. ಕಥೆ ಅಂದು ಅರ್ಧಕ್ಕೆ ನಿಂತಿದ್ದು ಸರಿಯಾಗಿ ಅದೇ ಜಾಗದಲ್ಲಿ. ಈ ಸಲ ‘ನಗುನಗುತ್ತಾ ಶಾಲೆ ತೊರೆದಳು’ ಎಂದು ಬರೆದು ಸುಲಭವಾಗಿ ದಾಟಿಬಿಟ್ಟಿದ್ದೆ. ಕಚೇರಿಯ ಅಭ್ಯಾಸ. ನನಗೆ ನಿಜವಾಗಿ ನಾಚಿಕೆಯಾಯಿತು. ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

“ಯಾಕ ಒಳಗಿಟ್ಟಿ? ಅದನ್ನ ಬರಿ,” ಎಂದು ಅಕ್ಕ ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು. “ಬರಕೊಂಡು ಬಾ, ಕೇಳತೀನಿ.”

ರಾಯಚೂರಿಗೆ ಹೊರಟ ಬಸ್ಸು ಕಲ್ಮಲ ಮುಟ್ಟುವ ಹೊತ್ತಿಗೆ ಆ ಹಾಳೆಗಳ ಹಿಂಬದಿಯಲ್ಲಿ ಒಂದೇ ಸಾಲು ಬರೆದಿದ್ದೆ: ‘ಅಕ್ಕನಿಗೆ ಲೆಕ್ಕ ಬರುವುದಿಲ್ಲ ಎಂದು ಅಪ್ಪನಿಗೆ ಹೇಳಿದವನು ನಾನು.’ ಊರು ಬರುವವರೆಗೂ ಅದಕ್ಕೊಂದು ಒಳ್ಳೆಯ ಮಾತು ಹುಡುಕಿದೆ. ಇಪ್ಪತ್ತು ವರ್ಷ ಕಂಡಕಂಡವರನ್ನೆಲ್ಲ ಹೊಗಳಿದ ಕೈಗೆ ಅವತ್ತು ಒಂದೂ ಸಿಗಲಿಲ್ಲ.